ಬಾಡಿಗೆಗೇ ಅರ್ಧ ಸಂಬಳ ಹೋದರೆ ಉಳಿಸೋದು ಎಲ್ಲಿಂದ?

ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿರುವ ಯಾರ ಜೊತೆ ದುಡ್ಡಿನ ಮಾತು ತೆಗೆದರೂ ಈ ಪ್ರಶ್ನೆ ಬಂದೇ ಬರುತ್ತದೆ: "ಬಾಡಿಗೆಗೇ ಅರ್ಧ ಸಂಬಳ ಹೋಗ್ತೈತ್ರಿ, ಇನ್ನು ಉಳ್ಸೋದು ಎಲ್ಲಿಂದ?" ಅದರ ಬೆನ್ನಿಗೇ ಇನ್ನೊಂದು: "ಬಾಡಿಗೆ ಬಿಟ್ಟು ಭೋಗ್ಯಕ್ಕೆ ಹಾಕ್ಕೊಂಡ್ರೆ ಹೆಂಗೆ?" ಭೋಗ್ಯ ಅಂದರೆ ಮಾಲೀಕರಿಗೆ ಒಟ್ಟಿಗೇ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಮನೆ ಬಿಡುವಾಗ ಆ ಮೊತ್ತ ವಾಪಸ್ ಪಡೆಯುವುದು. ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲನೆಯದರ ಲೆಕ್ಕ ಗೊತ್ತಿಲ್ಲದೆ ಎರಡನೆಯದಕ್ಕೆ ಕೈ ಹಾಕಿದವರೇ ಹೆಚ್ಚು ಕಷ್ಟಕ್ಕೆ ಸಿಗುತ್ತಾರೆ.

ಮೊದಲು ನಿಮ್ಮ ಮನೆಯ ನಿಜವಾದ ಬಾಡಿಗೆ ಎಷ್ಟು ಅಂತ ಕಂಡುಕೊಳ್ಳಿ. ಉದಾಹರಣೆಗೆ ತಿಂಗಳಿಗೆ 10,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್, 11 ತಿಂಗಳ ಕರಾರು, ವರ್ಷಕ್ಕೆ ನೂರಕ್ಕೆ 5 ಏರಿಕೆ ಅಂತಿಟ್ಟುಕೊಳ್ಳಿ. ಮೂರು ವರ್ಷಕ್ಕೆ ಬಾಡಿಗೆಯೇ 3,78,300 ಆಗುತ್ತದೆ. ನೀರು, ಮೆಟ್ಟಿಲು ಗುಡಿಸುವುದಕ್ಕೆಂದು ತಿಂಗಳಿಗೆ 500 ಕೊಟ್ಟರೆ 18,000. ಮನೆ ಬಿಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ (10,000 ಅಂತಲೇ ಹಿಡಿಯೋಣ) ಮುರಿದುಕೊಳ್ಳುತ್ತಾರೆ, ಹೊಸ ಮನೆ ಹುಡುಕಿಕೊಟ್ಟ ಬ್ರೋಕರ್‌ಗೆ ಇನ್ನೊಂದು ತಿಂಗಳದ್ದು, ಸಾಮಾನು ಸಾಗಿಸುವ ಗಾಡಿ, ಹಮಾಲಿ, ಫ್ಯಾನು-ಗೀಸರ್ ಬಿಚ್ಚಿ ಕೂರಿಸುವುದಕ್ಕೆ 6,000. ಎಲ್ಲ ಕೂಡಿ 4,22,300. ಅದನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 11,731 ರೂಪಾಯಿ. ನೀವು ಹತ್ತು ಸಾವಿರದ ಮನೆಯಲ್ಲಿಲ್ಲ, ಹನ್ನೆರಡು ಸಾವಿರದ ಹತ್ತಿರದ ಮನೆಯಲ್ಲಿದ್ದೀರಿ. ತಿಂಗಳಿಗೆ 5,000 ಉಳಿಸುತ್ತೇನೆ ಅಂತ ಶುರು ಮಾಡಿದವರು ಏಳೆಂಟು ತಿಂಗಳಿಗೆ ಕೈಬಿಡುವುದು ಇಲ್ಲೇ: ಆ ಸಾವಿರದ ಏಳುನೂರು ಲೆಕ್ಕದಲ್ಲೇ ಇರಲಿಲ್ಲ.

ಇದೇ ಥರ ಇನ್ನೆರಡು ಖರ್ಚು ನಮ್ಮೂರಲ್ಲಿ ತಪ್ಪಿಸಿಕೊಳ್ಳುವಂಥವಲ್ಲ. ಒಂದು, ಜೂನ್‌ನ ಶಾಲೆ ಫೀಸು. ಮನೆ ಬದಲಾಯಿಸುವುದೂ ಮಕ್ಕಳ ಶಾಲೆ ನೋಡಿಕೊಂಡು ಮೇ-ಜೂನ್‌ನಲ್ಲೇ ಆಗುವುದರಿಂದ ಎರಡೂ ಒಟ್ಟಿಗೆ ಬಂದು ಬೀಳುತ್ತವೆ. ಇನ್ನೊಂದು, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ. ಬೀಗರು-ನೆಂಟರ ಊಟೋಪಚಾರ, ಮನೆಮಂದಿಗೆಲ್ಲ ಬಟ್ಟೆ ಅಂತ 20,000 ಹಿಡಿಯುವ ಮನೆ ಇಂದಿನಿಂದಲೇ ತಿಂಗಳಿಗೆ 833 ಎತ್ತಿಡಬೇಕು. ಜಾತ್ರೆ ಮಾಡಬೇಡಿ ಅಂತ ಹೇಳುವವನು ನಾನಲ್ಲ. ಆದರೆ ಅದರ ದುಡ್ಡು ಉಳಿತಾಯದ ಖಾತೆಯಿಂದ ಬರಬಾರದು.

ಇಷ್ಟೂ ಕಳೆದ ಮೇಲೆ ಉಳಿಯುವುದೇ ನಿಮ್ಮ ಗುರಿಯ ಮೊತ್ತ. 30,000 ಆದಾಯದ ಮನೆಯಲ್ಲಿ ಅದು 3,000 ಆಗಿರಬಹುದು. ಸಂಬಳದ ನೂರಕ್ಕೆ 20 ಉಳಿಸಲೇಬೇಕು ಅನ್ನುವ ಸೂತ್ರವನ್ನು ಬಾಡಿಗೆ ಕಟ್ಟುವವರು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ತಪ್ಪದೆ ಕಟ್ಟುವ ಮೂರು ಸಾವಿರ, ಅರ್ಧಕ್ಕೆ ನಿಲ್ಲುವ ಆರು ಸಾವಿರಕ್ಕಿಂತ ಮೇಲು.

ಆ ಮೂರು ಸಾವಿರದ ಮೊದಲ ಗುರಿ ಸೈಟೂ ಅಲ್ಲ, ಬಂಗಾರವೂ ಅಲ್ಲ. ಮನೆ ಬದಲಿಸುವ ದುಡ್ಡು. ಹಳೇ ಮನೆಯ ಅಡ್ವಾನ್ಸ್ ಕೈಗೆ ಬರುವುದು ಬೀಗ ಕೊಟ್ಟ ಮೇಲೆ, ಹೊಸ ಮನೆಗೆ ಕೊಡಬೇಕಾದದ್ದು ಬೀಗ ಪಡೆಯುವ ಮೊದಲು. ನಡುವಿನ ಆ ಕೆಲವು ವಾರಗಳಲ್ಲಿ ಕಿವಿಯ ಓಲೆ ಅಡ ಹೋಗುತ್ತದೆ, ಬಿಡಿಸಿಕೊಳ್ಳಲು ವರ್ಷ ಹಿಡಿಯುತ್ತದೆ. ಒಂದು ಅಡ್ವಾನ್ಸಿನ ಅರ್ಧದಷ್ಟು, ಅಂದರೆ ಈ ಲೆಕ್ಕದಲ್ಲಿ 50,000 ನಿಮ್ಮದೇ ಅಂತ ಇದ್ದರೆ ಉಳಿದರ್ಧಕ್ಕೆ ಹಳೇ ಮಾಲೀಕರನ್ನು ಒಪ್ಪಿಸಬಹುದು: ಎರಡು ತಿಂಗಳು ಮುಂಚೆ ನೋಟಿಸ್ ಕೊಟ್ಟಾಗ ಅರ್ಧ ಅಡ್ವಾನ್ಸ್ ವಾಪಸ್ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಕರಾರು ಬರೆಯುವ ದಿನ ಕೇಳಿದರೆ ಒಪ್ಪುವವರಿದ್ದಾರೆ, ಬಿಡುವ ದಿನ ಯಾರೂ ಒಪ್ಪುವುದಿಲ್ಲ.

ಈ ದುಡ್ಡನ್ನು ಅಂಚೆ ಕಚೇರಿಯ ಆರ್‌ಡಿಯಲ್ಲಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿಯಲ್ಲಿ, ಹಾಕಬೇಡಿ. ಅದು ಒಳ್ಳೆಯ ಯೋಜನೆಯೇ, ಆದರೆ ಐದು ವರ್ಷದ್ದು. ಮೂರು ವರ್ಷ ತುಂಬುವ ಮೊದಲು ಮುರಿಯಲು ಬರುವುದಿಲ್ಲ, ಆಮೇಲೆ ಮುರಿದರೂ ಉಳಿತಾಯ ಖಾತೆಯ ಬಡ್ಡಿ ಮಾತ್ರ. 12 ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತದೆ, ಅಷ್ಟೆ. ಮನೆ ಬದಲಿಸುವ ದುಡ್ಡಿಗೆ ಬ್ಯಾಂಕಿನ 12 ತಿಂಗಳ ಆರ್‌ಡಿ ಸಾಕು.

ಐದು ವರ್ಷ ಮುಟ್ಟದ ದುಡ್ಡಿಗೆ ಮಾತ್ರ ಅಂಚೆ ಆರ್‌ಡಿ ಸರಿ. 6.7ರ ಬಡ್ಡಿಯಲ್ಲಿ ತಿಂಗಳಿಗೆ 1,000 ಕಟ್ಟಿದರೆ ಕೊನೆಗೆ 71,366 ಬರುತ್ತದೆ. ಇಲ್ಲೊಂದು ಸಣ್ಣ ಸಂಗತಿ ತಿಳಿದಿರಲಿ. ಖಾತೆಯನ್ನು ತಿಂಗಳ 15ರೊಳಗೆ ತೆರೆದರೆ ಪ್ರತಿ ಕಂತಿಗೂ 15ನೇ ತಾರೀಖೇ ಗಡುವು; 16ರ ನಂತರ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯ. ಸಂಬಳ ಹತ್ತನೇ ತಾರೀಖು ದಾಟಿ ಬರುವವರು, ವ್ಯಾಪಾರದ ಮೇಲೆ ಬದುಕುವವರು 16ರ ನಂತರವೇ ತೆರೆಯಿರಿ. ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೊಂದು ರೂಪಾಯಿ ದಂಡ, ನಾಲ್ಕು ಕಂತು ಮೀರಿ ತಪ್ಪಿದರೆ ಖಾತೆಯೇ ನಿಂತುಹೋಗುತ್ತದೆ. ಇದೇ ಕಾರಣಕ್ಕೆ ಗೃಹಲಕ್ಷ್ಮಿಯ 2,000ವನ್ನು ನಂಬಿ ಆರ್‌ಡಿ ತೆರೆಯಬೇಡಿ. ಕೆಲವು ತಿಂಗಳು ನಿಂತು ಒಟ್ಟಿಗೆ ಬರುವ ದುಡ್ಡು ಅದು. ಬಂದಾಗ ಬಂದಷ್ಟನ್ನು ಎಫ್‌ಡಿ ಮಾಡಿ.

ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಸಿಗುತ್ತದೆ ಅಂತ ಸೊಸೈಟಿಗೆ ಹೋಗುವವರಿಗೆ ಒಂದೇ ಮಾತು. ಆರ್‌ಬಿಐ ಲೈಸೆನ್ಸ್ ಇರುವ ಬ್ಯಾಂಕಿನಲ್ಲಿ, ಅದು ಸಹಕಾರಿ ಬ್ಯಾಂಕ್ ಆದರೂ, ಅಸಲು-ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಂಘಗಳಿಗೆ ಆ ವಿಮೆ ಇಲ್ಲ.

ಬಾಡಿಗೆಯನ್ನೇ ಇಳಿಸಲು ದಾರಿ ಇದೆಯೇ ಅಂದರೆ, ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್‌ನಂಥ ಕಡೆ ಕಷ್ಟ. ಕಾಲೇಜು ಹುಡುಗರು ನಾಲ್ಕೈದು ಜನ ಸೇರಿ ಹಿಡಿಯುವ ಮನೆಗೆ ತಲೆಗೆ 3,000 ಅಂದರೂ 12ರಿಂದ 15 ಸಾವಿರ ಆಯಿತು. ಸಂಸಾರಸ್ಥರು ಅವರ ಜೊತೆ ಪೈಪೋಟಿಗೆ ಇಳಿಯುವುದಕ್ಕಿಂತ ಹಳೇ ಪೇಟೆ ಕಡೆಗೋ, 14 ಕಿ.ಮೀ. ದೂರದ ಹರಿಹರಕ್ಕೋ ನೋಡುವುದು ಒಳ್ಳೆಯದು. ಕೆಲಸಕ್ಕೆ ಓಡಾಡುವವರು ಹೆಣ್ಣುಮಕ್ಕಳಾದರೆ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿಗೆ ಖರ್ಚೇ ಇಲ್ಲ. ಗಂಡಸರು ಬೈಕಿನ ಪೆಟ್ರೋಲ್ ಕೂಡಿಸಿ ನೋಡಬೇಕು. ಮನೆ ಬಿಟ್ಟಾಗ ಗೃಹಜ್ಯೋತಿಗೆ ಜೋಡಿಸಿದ ಹಳೇ ಮನೆಯ ಆರ್‌ಆರ್ ನಂಬರನ್ನು (ಕರೆಂಟ್ ಸಂಪರ್ಕದ ಸಂಖ್ಯೆ) ಬಿಡಿಸಿ ಹೊಸದಕ್ಕೆ ಜೋಡಿಸುವುದು ಮರೆಯಬೇಡಿ, ಇಲ್ಲದಿದ್ದರೆ ಬೆಸ್ಕಾಂ ಪೂರ್ತಿ ಬಿಲ್ ಕಳಿಸುತ್ತದೆ.

ಈಗ ಭೋಗ್ಯ. ಅದೇ 10,000 ಬಾಡಿಗೆಯ ಮನೆ 6 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಆರು ಲಕ್ಷ ನಿಮ್ಮದೇ ಆಗಿದ್ದರೆ, ಎಫ್‌ಡಿಯಲ್ಲಿ 7ರ ಬಡ್ಡಿಯಂತೆ ಬರುತ್ತಿದ್ದ 3,500 ಮಾತ್ರ ತಿಂಗಳ ನಷ್ಟ, ಬಾಡಿಗೆಗೆ ಹೋಲಿಸಿದರೆ 6,500 ಲಾಭ. ವರ್ಷಕ್ಕೆ 10ರ ಬಡ್ಡಿಯಲ್ಲಿ ಬಂಗಾರ ಇಟ್ಟು ತಂದರೆ ಬಡ್ಡಿ 5,000, ಆಗಲೂ ಲಾಭ. ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ತಂದರೆ ಬಡ್ಡಿಯೇ 12,000. ಬಾಡಿಗೆ ತಪ್ಪಿಸಲು ಬಾಡಿಗೆಗಿಂತ ಹೆಚ್ಚು ಕಟ್ಟಿದ ಹಾಗಾಯಿತು.

ಲಾಭ ಕಂಡ ತಕ್ಷಣ ಹೂಂ ಅನ್ನುವ ಮೊದಲು ಮಾಲೀಕರ ಕಡೆಯಿಂದ ಇದೇ ಲೆಕ್ಕ ಹಾಕಿ. ವರ್ಷಕ್ಕೆ 1,20,000 ಬಾಡಿಗೆ ಬಿಟ್ಟುಕೊಟ್ಟು 6 ಲಕ್ಷ ಪಡೆಯುತ್ತಾರೆ ಅಂದರೆ ಅವರು ಕೊಡುತ್ತಿರುವ ಬಡ್ಡಿ ನೂರಕ್ಕೆ 20. ಮನೆ ಅಡವಿಟ್ಟರೆ ಇದರ ಅರ್ಧದ ಆಸುಪಾಸಿನ ಬಡ್ಡಿಗೆ ಸಾಲ ಸಿಗುವಾಗ 20ಕ್ಕೆ ನಿಮ್ಮ ಹತ್ತಿರ ಯಾಕೆ ಬಂದರು? ಮನೆಯ ಮೇಲೆ ಆಗಲೇ ಸಾಲ ಇರಬಹುದು, ಕಾಗದಪತ್ರ ಬ್ಯಾಂಕ್ ಒಪ್ಪುವಂತೆ ಇಲ್ಲದಿರಬಹುದು, ಅಥವಾ ಮಗಳ ಮದುವೆಗೆ ಅವಸರ ಬಿದ್ದಿರಬಹುದು. ಮೂರನೆಯದಾದರೆ ಚಿಂತೆಯಿಲ್ಲ. ಮೊದಲೆರಡು ಅಲ್ಲ ಅಂತ ಖಚಿತ ಮಾಡಿಕೊಳ್ಳುವುದು ನಿಮ್ಮ ಕೆಲಸ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಮನೆಯ ಋಣಭಾರ ಪತ್ರ (ಇ.ಸಿ.) ತೆಗೆಸಿ. ಅಷ್ಟಕ್ಕೇ ನಿಲ್ಲಿಸಬೇಡಿ: ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಬರೀ ಮೂಲಪತ್ರ ಇಟ್ಟುಕೊಂಡು ಕೊಟ್ಟ ಸಾಲ ಅದರಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಕ್ರಯಪತ್ರದ ಮೂಲಪ್ರತಿಯನ್ನೇ ತೋರಿಸಿ ಅಂತ ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಎಲ್ಲಿದೆ ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯೂ ಕೊಡಬೇಡಿ.

ಇನ್ನು ಕರಾರು. ಖರ್ಚು ಉಳಿಸಲು 11 ತಿಂಗಳ ಕರಾರು ಬರೆದು ಮೂರು ವರ್ಷದ ದುಡ್ಡು ಕೊಡುವುದು ವಾಡಿಕೆ ಆಗಿಬಿಟ್ಟಿದೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರುವ ಗುತ್ತಿಗೆಗೆ ನೋಂದಣಿ ಕಡ್ಡಾಯ, ಭೋಗ್ಯದ ಅಡಮಾನಕ್ಕೂ ಅಷ್ಟೇ. ಮಾಲೀಕರ ಸಾಲ ಕೆಟ್ಟು 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆ ವಶಕ್ಕೆ ತೆಗೆದುಕೊಂಡರೆ, ಛಾಪಾ ಕಾಗದದಲ್ಲಿ ಬರೆದಿಟ್ಟ ನೋಂದಣಿಯಿಲ್ಲದ ಕರಾರಿನ ಮೇಲೆ ಹಕ್ಕು ನಿಲ್ಲಿಸುವುದು ಬಹಳ ಕಷ್ಟ. ಉಪನೋಂದಣಿ ಕಚೇರಿಗೆ ಬರಲು ಮಾಲೀಕರು ಒಪ್ಪದಿದ್ದರೆ ಆ ಮನೆ ಬೇಡ. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. 20,000 ಮತ್ತು ಮೇಲಿನ ಸಾಲ-ಠೇವಣಿಯನ್ನು ನಗದಾಗಿ ಪಡೆದವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡವಿದೆ ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಎಲ್ಲ ಸರಿಯಿದ್ದರೂ ಕೊನೆಗೆ ಒಂದು ತೊಂದರೆ ಇದ್ದೇ ಇದೆ. ಮಾಲೀಕರ ಕೈಲಿ ಆರು ಲಕ್ಷ ಇರುವುದಿಲ್ಲ, ಮುಂದಿನ ಭೋಗ್ಯದವರು ಬಂದ ಮೇಲೇ ನಿಮ್ಮದು ವಾಪಸ್. ಮೂರು ತಿಂಗಳು ಮುಂಚೆ ಲಿಖಿತ ನೋಟಿಸ್ ಕೊಡಿ, ದುಡ್ಡು ಖಾತೆಗೆ ಬಂದ ಮೇಲೆ ಬೀಗ. ಮತ್ತು ನಿಮ್ಮ ಉಳಿತಾಯದ ಅರ್ಧಕ್ಕಿಂತ ಹೆಚ್ಚನ್ನು ಭೋಗ್ಯದಲ್ಲಿ ಹೂಡಬೇಡಿ, ಆಸ್ಪತ್ರೆಗೆ ಬೇಕಾದಾಗ ಅದರಿಂದ ಹತ್ತು ಸಾವಿರವನ್ನೂ ಬಿಡಿಸಿಕೊಳ್ಳಲಾಗುವುದಿಲ್ಲ.

ಭೋಗ್ಯದಿಂದ ತಿಂಗಳಿಗೆ ಮಿಕ್ಕ ಬಾಡಿಗೆ ಸ್ವಂತ ಮನೆಗೆ ಅಂತ ಎತ್ತಿಡುವವರಿಗೆ ಕೊನೆಯ ಲೆಕ್ಕ. 30 ಲಕ್ಷದ ಮನೆಗೆ ಬ್ಯಾಂಕ್ ನೂರಕ್ಕೆ 80 ಕೊಟ್ಟರೆ ನಿಮ್ಮದು 6 ಲಕ್ಷ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸೇರಿ ನೂರಕ್ಕೆ 7.6ರಂತೆ ಇನ್ನೂ 2,28,000, ಇದಕ್ಕೆ ಸಾಲ ಸಿಗುವುದಿಲ್ಲ. 24 ಲಕ್ಷಕ್ಕೆ 8.5ರ ಬಡ್ಡಿಯಲ್ಲಿ 20 ವರ್ಷದ ಕಂತು 20,828. ಮನೆ ಹುಡುಕುವುದಕ್ಕೆ ಒಂದು ವರ್ಷ ಮುಂಚೆಯೇ ಈ ಕಂತಿಗೂ ಈಗ ಎತ್ತಿಡುತ್ತಿರುವ ಬಾಡಿಗೆಗೂ ಇರುವ ವ್ಯತ್ಯಾಸ, ಅಂದರೆ 10,828ನ್ನು ಬ್ಯಾಂಕ್ ಆರ್‌ಡಿಗೆ ಕಟ್ಟಿ ನೋಡಿ. ಜೂನ್ ತಿಂಗಳ ಕಂತೂ ತಪ್ಪದೆ ಹೋಯಿತಾದರೆ ಬ್ಯಾಂಕಿಗೆ ಹೋಗಿ ಅರ್ಜಿ ಕೇಳಿ. ಎರಡು ಕಂತು ತಪ್ಪಿದರೆ 30 ಲಕ್ಷದ ಮನೆ ಬಿಟ್ಟು 22 ಲಕ್ಷದ್ದನ್ನು ನೋಡಿ.