ಕೂರುವವರು ಯಾರ್ಯಾರು?

"ಸರ್, ಇದರಲ್ಲಿ ಕೂರುವವರು ಯಾರ್ಯಾರು?" ಎಂದು ಕಾರವಾರದ ಆ ಮೆಕ್ಯಾನಿಕ್ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನ ತಲೆಯಿಂದ ಇಳಿದಿಲ್ಲ. ಪುಣೆ ಹತ್ತಿರದ ಪವನಾ ಜಲಾಶಯದಲ್ಲಿ ಮನೆಮಂದಿ ಓಡಾಡಲು ಒಂದು ಹಳೆಯ ಮೋಟಾರು ದೋಣಿ ಕೊಳ್ಳುವ ಎಂದು ಭಾವನವರೂ ನಾನೂ ಪುಣೆಯಿಂದ ಗೋವೆಗೆ ಹೋಗಿದ್ದೆವು. ಅಲ್ಲಿ ಮಾತಿಗೆ ಸಿಕ್ಕವರೆಲ್ಲ ಎಷ್ಟು ಅಶ್ವಶಕ್ತಿಯದು ಬೇಕು, ಎಷ್ಟು ಹಣ ಹಾಕುತ್ತೀರಿ ಎಂದೇ ಶುರು ಮಾಡಿದ್ದರು. ಮಾಂಡೋವಿ ನದಿ ದಡದ ಶೆಡ್ಡಿನಲ್ಲಿ ಕೆಲಸ ಮಾಡುವ ಈ ಮನುಷ್ಯರೊಬ್ಬರೇ ದೋಣಿಯ ಸುದ್ದಿ ಎತ್ತುವ ಮೊದಲು ನಮ್ಮ ಮನೆಯವರನ್ನು ವಿಚಾರಿಸಿದರು. "ಮನಿ ಮಂದಿ ಎಲ್ಲಾರೂ ಕೂಡ್ತೀವಿ" ಎಂದರು ಭಾವ. "ಹಾಗಲ್ಲ ಸರ್, ಒಬ್ಬೊಬ್ಬರನ್ನೇ ಹೇಳಿ" ಎಂದು ಅವರು ಬಿಡಲಿಲ್ಲ. ಮೊಣಕಾಲು ನೋವಿನ ಅತ್ತೆ, ಈಜು ಬಾರದ ನನ್ನ ಹೆಂಡತಿ, ಭಾವ, ಅವರ ಹೆಂಡತಿ, ಇಬ್ಬರು ಮಕ್ಕಳು, ನಾನು: ಒಟ್ಟು ಏಳು ಜನ.

ಭಾವನಿಗೆ ಮೊದಲ ನೋಟಕ್ಕೇ ಹಿಡಿಸಿದ್ದು ಬೇರೊಂದು ದೋಣಿ, ಎತ್ತರದ ಮೂತಿಯದು, ದೊಡ್ಡ ಎಂಜಿನ್ನಿನದು. ನಾವು ಹೋಗಿ ಮುಟ್ಟುವಷ್ಟರಲ್ಲಿ ಆ ಎಂಜಿನ್ ಆಗಲೇ ಬಿಸಿಯಾಗಿತ್ತು. ತಣ್ಣಗಿರುವಾಗ ಸ್ಟಾರ್ಟ್ ಆಗಲು ಸತಾಯಿಸುವ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಓಡಿಸಿಟ್ಟರೆ ಅದರ ದೋಷ ಮುಚ್ಚಿಹೋಗುತ್ತದೆ. ಇದನ್ನು ನಾನು ವ್ಯಾಪಾರದ ಜಾಣತನ ಎನ್ನಲಾರೆ, ಕಪಟವೆಂದೇ ಹೇಳುತ್ತೇನೆ. ಮೆಕ್ಯಾನಿಕ್ ಒಂದು ಮಾತೂ ಆಡದೆ ಎಂಜಿನ್ನಿನ ಕೆಳಭಾಗದ ಗೇರ್ ಆಯಿಲ್ ಸ್ಕ್ರೂ ಸಡಿಲಿಸಿದರು. ಹಾಲು ಬೆರೆತ ಕಾಫಿಯಂಥ ಎಣ್ಣೆ ಅವರ ಬೆರಳಿನ ಮೇಲೆ ಇಳಿಯಿತು. ಪ್ರೊಪೆಲ್ಲರ್ ಬಿಚ್ಚಿದಾಗ ಅದರ ಹಿಂದೆ ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡ ಮೀನುಗಾರಿಕೆಯ ನೈಲಾನ್ ದಾರ ಕಂಡಿತು. ನೀರು ತಡೆಯುವ ರಬ್ಬರ್ ಸೀಲನ್ನು ಕೊಯ್ದು ನೀರನ್ನು ಎಣ್ಣೆಯೊಳಕ್ಕೆ ಬಿಟ್ಟದ್ದು ಆ ದಾರವೇ.

ನಾವು ಕೊನೆಗೆ ಒಪ್ಪಿದ್ದು ಹದಿನಾರು ಅಡಿ ಉದ್ದ, ಆರು ಅಡಿ ಅಗಲದ, ಅಂಚು ತಗ್ಗಾಗಿರುವ ದೋಣಿಯನ್ನು. ಅತ್ತೆಯವರು ಕಾಲನ್ನು ಹೆಚ್ಚು ಎತ್ತದೆ ಅದರೊಳಗೆ ಹೆಜ್ಜೆ ಇಡಬಹುದು. ಎಂಜಿನ್ ತೂಗುವ ಹಿಂಬದಿಯ ಹಲಗೆಯನ್ನು ಮೆಕ್ಯಾನಿಕ್ ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ಹೋದರು. ಫೈಬರಿನ ಒಳಗಿನ ಮರ ಕೊಳೆತಿದ್ದರೆ ಸದ್ದು ಮಂಕಾಗುತ್ತದೆ, ಇಲ್ಲಿ ಎಲ್ಲೂ ಆಗಲಿಲ್ಲ. ಎಂಜಿನ್ನಿನ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆದಾಗ ಒಂದಕ್ಕೊಂದು ಹತ್ತಿರವೇ ಇತ್ತು. ಆಮೇಲೆ ಅವರು ಉದ್ದ ಅಗಲಗಳನ್ನು ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಿದರು. ಸಣ್ಣ ದೋಣಿಗಳಿಗೆ ಇದೊಂದು ಸ್ಥೂಲ ಲೆಕ್ಕ, ಬಂದದ್ದು ಆರು ಚಿಲ್ಲರೆ. "ಆರೇ ಸರ್. ಒಬ್ಬರು ದಡದಲ್ಲಿ ಉಳಿಯಬೇಕು" ಎಂದರು.

ಭಾವನವರ ಮುಖ ಸಪ್ಪಗಾಯಿತು. "ಹುಡುಗ್ರದು ಏನ್ ಭಾರ ಇರ್ತೈತ್ರಿ?" ಎಂದು ಕೇಳಿದರು. ಭಾವನದು ದೊಡ್ಡ ಮನಸ್ಸು, ಯಾರನ್ನೂ ಬಿಟ್ಟು ಹೋಗುವುದು ಅವರಿಗೆ ಆಗದ ಮಾತು. ಆದರೆ ನೀರಿನ ಮೇಲೆ ಅಪಾಯ ಹೊಕ್ಕುವುದೇ ಇಂಥ ದಾಕ್ಷಿಣ್ಯದಿಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳು ಒಂದೆಡೆ ಕೂರುವವರಲ್ಲ. ಏನೋ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ವಾಲಿದರೆ ಸಾಕು. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಾರು ಕುಟುಂಬಗಳು ನೀರುಪಾಲಾಗುವ ಸ್ಥಿತಿ ಬಂದಾಗ, ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲವೆಂದು ಬದುಕಿ ಬಂದ ಹಲವರು ಹೇಳಿದ್ದರು. ಡಿಕ್ಕಿ ಹೊಡೆದವರ ತಪ್ಪು ಬೇರೆಯೇ ಮಾತು. ಆದರೆ ಜಾಕೆಟ್ಟು ತೊಡಿಸಿ, ತಲೆ ಎಣಿಸಿ, ಆಮೇಲೆ ಹಗ್ಗ ಬಿಚ್ಚುವುದು ದೋಣಿ ನಡೆಸುವವನ ಕೈಯಲ್ಲಿದೆ. ಹಾಗೆ ನೋಡಿದರೆ "ಕೂರುವವರು ಯಾರ್ಯಾರು?" ಎಂಬ ಪ್ರಶ್ನೆಯನ್ನು ಕೊಳ್ಳುವ ದಿನ ಮಾತ್ರವಲ್ಲ, ದೋಣಿ ಇಳಿಸುವ ಪ್ರತಿಸಲವೂ ಕೇಳಬೇಕು.

ದೋಣಿ ಈಗ ಪುಣೆಯಲ್ಲಿದೆ. ಕಡಲಿಗೆ ಹೊಂದಿಸಿದ್ದನ್ನು ಕೆರೆಗೆ ಹೊಂದಿಸುವುದು ನಾನೆಣಿಸಿದ್ದಕ್ಕಿಂತ ಸೂಕ್ಷ್ಮವಾದ ಕೆಲಸ. ಎಂಜಿನ್ನಿನ ಲೋಹ ಸವೆಯದಂತೆ ಉಪ್ಪುನೀರಿಗೆಂದು ಹಾಕಿದ ಸತುವಿನ ತುಂಡುಗಳು ಸಿಹಿನೀರಿನಲ್ಲಿ ಪದರ ಕಟ್ಟಿ ಕೆಲಸ ನಿಲ್ಲಿಸುತ್ತವೆ. ಅವುಗಳ ಜಾಗಕ್ಕೆ ಮೆಗ್ನೀಸಿಯಂ ತುಂಡುಗಳು ಬರಬೇಕು. ಪವನಾ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ ಎಂಜಿನ್ನಿನ ಶಕ್ತಿ ಶೇಕಡಾ ಆರರಷ್ಟು ಕಡಿಮೆಯಾಗುವುದರಿಂದ ಪಿಚ್, ಅಂದರೆ ಒಂದು ಸುತ್ತಿಗೆ ಮುಂದಕ್ಕೆ ಸಾಗುವ ದೂರ, ಕಡಿಮೆಯಿರುವ ಪ್ರೊಪೆಲ್ಲರ್ ಹಾಕಿ ನೋಡಬೇಕು. ಎಂಜಿನ್ ತಂಪಾಗಿಡಲು ನೀರೆತ್ತುವ ಪಂಪಿನ ರಬ್ಬರ್ ಚಕ್ರವನ್ನು, ಅದು ನೋಡಲು ಚೆನ್ನಾಗಿದ್ದರೂ, ಬದಲಿಸಿದೆವು. ಎಥೆನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುವ ಕಾರಣ ಇಂಧನದ ದಾರಿಯಲ್ಲಿ ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿದ್ದಾಗಿದೆ. 2021ರ ಒಳನಾಡು ನೌಕೆಗಳ ಕಾಯ್ದೆಯಡಿಯ ನೋಂದಣಿಗೂ ಜಲಾಶಯದಲ್ಲಿ ಓಡಿಸುವ ಅನುಮತಿಗೂ ಕಾಗದಗಳನ್ನು ಜೋಡಿಸುತ್ತಿದ್ದೇನೆ.

ನಿನ್ನೆ ಭಾವ ಮತ್ತೆ ಫೋನ್ ಮಾಡಿ, ಚಿಕ್ಕವನನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಏಳು ಜನ ಹಿಡಿಸುವುದಿಲ್ಲವೇ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಮಕ್ಕಳ ಎದೆಯಳತೆಗೆ ಸರಿಯಾದ ಜಾಕೆಟ್ಟುಗಳು ಬರುವವರೆಗೆ ದೋಣಿ ಟ್ರೇಲರಿನಿಂದ ಇಳಿಯುವುದಿಲ್ಲ, ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರವನ್ನು ಕೈಗೆ ಸಿಕ್ಕಿಸಿಕೊಳ್ಳದೆ ಯಾರೂ ಕೀಲಿ ತಿರುಗಿಸುವುದಿಲ್ಲ, ಪ್ರತಿ ಸುತ್ತಿಗೂ ಒಬ್ಬರು ದಡದಲ್ಲಿರುತ್ತಾರೆ ಎಂದೂ ತಿಳಿಸಿದೆ. ಮೊದಲ ಸುತ್ತಿಗೆ ಉಳಿಯುವವನು ನಾನೇ ಎಂದಮೇಲೆ ಅವರು ವಾದ ಬಿಟ್ಟರು.