ಕುಮಾರಪರ್ವತಕ್ಕೆ ಮೂರು ಸಲ: ಆಶ್ವಯುಜದಿಂದ ಮಾರ್ಗಶಿರದವರೆಗೆ

ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು ಕುಮಾರಪರ್ವತದ ತುದಿ ಮುಟ್ಟಿ, ಅದೇ ದಿನ ಬೆಳಕಿರುವಾಗಲೇ ಕೆಳಗಿಳಿಯಬೇಕೆಂಬುದು ಈ ವರ್ಷ ನಾನು ಹಾಕಿಕೊಂಡ ಗುರಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದರೂ ಅಲ್ಲಿ ಬಹುಪಾಲು ಏರನ್ನು ರಸ್ತೆಯೇ ಮುಗಿಸಿಕೊಡುತ್ತದೆ; 1,712 ಮೀಟರಿನ ಕುಮಾರಪರ್ವತದಲ್ಲಿ ಕುಕ್ಕೆಯ ತಗ್ಗಿನಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ಕಾಲಿನಿಂದಲೇ ಹತ್ತಬೇಕು. ಒಂದೇ ಸಲಕ್ಕೆ ಇದು ನನ್ನಿಂದಾಗದೆಂದು ತಿಳಿದಿದ್ದರಿಂದ, ಮಳೆಗಾಲ ಕಳೆದು ದಾರಿ ತೆರೆದ ಮೇಲೆ ಅನುಮತಿ ಪಡೆದು ಮೂರು ಸಲ ಹೋಗುವುದೆಂದೂ, ಪ್ರತಿ ಸಲ ಸ್ವಲ್ಪ ಹೆಚ್ಚು ಎತ್ತರಕ್ಕೆ ಏರುವುದೆಂದೂ ಗೊತ್ತುಮಾಡಿಕೊಂಡೆ.

ಅಕ್ಟೋಬರಿನಲ್ಲಿ ದಾರಿಯ ನಡುವಿನ ಕಲ್ಲುಮಂಟಪದವರೆಗೆ ಮಾತ್ರ ಹೋದೆ. ಕಾಡಿನ ದಾರಿಯಲ್ಲಿ ಬೇರುಗಳು ಜಾರುತ್ತಿದ್ದವು, ಕಾಲ್ಚೀಲದ ಮೇಲೆ ಉಪ್ಪು ಹಚ್ಚಿದ್ದರೂ ಇಂಬಳಗಳು ಬಿಡಲಿಲ್ಲ, ಕಲ್ಲುಮಂಟಪಕ್ಕೂ ಮುಂಚೆ ಸಿಗುವ ಭಟ್ಟರ ಮನೆ ತಲುಪಲು ಮೂರು ಗಂಟೆ ಹಿಡಿಯಿತು. ಮಧ್ಯಾಹ್ನ ಒಂದು ಗಂಟೆಗೆ ಹಿಂಗಾರಿನ ಗುಡುಗು ಕೇಳಿಸಿದ ಕೂಡಲೇ ಮರಳಿದೆ. ಮರವೇ ಇಲ್ಲದ ಹುಲ್ಲಿನ ಬೋಳುಗುಡ್ಡದಲ್ಲಿ ನಿಂತ ಮನುಷ್ಯನೇ ಸುತ್ತಲಿಗೆಲ್ಲ ಎತ್ತರದ ವಸ್ತು. ಸಿಡಿಲಿನ ಮುಂದೆ ಹಟ ಸಲ್ಲದು.

ನವೆಂಬರಿನಲ್ಲಿ, ತುದಿಗಿಂತ ಮುಂಚೆ ಸಿಗುವ ಶೇಷಪರ್ವತ ಮುಟ್ಟಿದೆ. ಏರು ಸಲೀಸಾಗಿತ್ತು, ಇಳಿಯುವಾಗ ಸೋತೆ. ಕಲ್ಲುಮಂಟಪ ದಾಟುವಷ್ಟರಲ್ಲಿ ಎಡಮಂಡಿಯ ಹೊರಬದಿ ಚುಚ್ಚತೊಡಗಿತು, ಬೂಟಿನ ಮುಂಭಾಗಕ್ಕೆ ಬಡಿದು ಹೆಬ್ಬೆರಳಿನ ಉಗುರು ಕಪ್ಪಾಯಿತು, ಕಾಡಿನ ಕೊನೆಯ ಒಂದು ಗಂಟೆಯನ್ನು ಟಾರ್ಚಿನ ಬೆಳಕಿನಲ್ಲಿ ನಡೆಯಬೇಕಾಯಿತು. ಅಲ್ಲಿಯವರೆಗೆ ನಾನು ಬೆಂಗಳೂರಿನಲ್ಲಿ ಮಾಡಿದ್ದ ಅಭ್ಯಾಸವೆಲ್ಲ ಹತ್ತುವುದರದ್ದೇ ಆಗಿತ್ತು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಆ ಕೆಲಸಕ್ಕೆ ಅದನ್ನು ಪ್ರತ್ಯೇಕವಾಗಿ ಪಳಗಿಸಬೇಕು. ಮುಂದಿನ ಮೂರು ಭಾನುವಾರ ಬೆನ್ನಿಗೆ ಎಂಟು ಕಿಲೋ ಹೊತ್ತು ನಂದಿಬೆಟ್ಟದ ಮೆಟ್ಟಿಲುಗಳನ್ನು ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ತಡೆತಡೆದು ಇಳಿದೆ. ಅರ್ಧ ಅಳತೆ ದೊಡ್ಡ ಬೂಟು ಕೊಂಡೆ, ಎರಡು ಊರುಗೋಲುಗಳನ್ನೂ ಜೊತೆ ಮಾಡಿಕೊಂಡೆ.

ಚಂಪಾಷಷ್ಠಿಯ ಜನಸಂದಣಿ ಕರಗಿದ ಮೇಲೆ, ಡಿಸೆಂಬರಿನಲ್ಲಿ, ಮೂರನೆಯ ಸಲ ಹೊರಟೆ. ಅದೇ ಬೆಟ್ಟವೆಂದು ನಂಬುವುದೇ ಕಷ್ಟವಾಗಿತ್ತು. ಅಕ್ಟೋಬರಿನಲ್ಲಿ ಸೊಂಟದೆತ್ತರ ಹಸಿರಾಗಿದ್ದ ಹುಲ್ಲು ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು, ಇಂಬಳ ಒಂದೂ ಕಾಣಲಿಲ್ಲ, ಜಾರುವ ಕೆಸರಿನ ಬದಲು ಕಾಲಡಿಯಲ್ಲಿ ಉರುಳುವ ನುರುಜುಗಲ್ಲು ಬಂದಿತ್ತು. ತೊರೆಗಳು ಸೊರಗಿದ್ದರಿಂದ ಭಟ್ಟರ ಮನೆಯ ಬಳಿಯೇ ನಾಲ್ಕು ಲೀಟರ್ ನೀರು ತುಂಬಿಕೊಂಡೆ. ಚಳಿಗಾಲವೆಂದರೂ ಭಟ್ಟರ ಮನೆಯಿಂದ ಶೇಷಪರ್ವತದವರೆಗೆ ನೆರಳಿಲ್ಲ. ಹತ್ತು ಗಂಟೆಯ ಬಿಸಿಲು ಬೆನ್ನನ್ನು ಸುಡುತ್ತದೆ, ಶೇಷಪರ್ವತದ ಅಂಚಿನಲ್ಲಿ ಗಾಳಿ ಅದೇ ಬೆವರನ್ನು ತಣ್ಣಗಾಗಿಸಿ ನಡುಕ ಹುಟ್ಟಿಸುತ್ತದೆ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂಬ ಲೆಕ್ಕ ನನಗೆ ಗೊತ್ತಿತ್ತು. ಆದರೂ ಒದ್ದೆ ಬನಿಯನ್ ಬದಲಿಸಿ ಒಣಗಿದ್ದನ್ನು ತೊಟ್ಟಾಗಲೇ ಅದರ ಅರ್ಥ ಮೈಗೆ ತಿಳಿಯಿತು.

ಬೆಳಿಗ್ಗೆ ಆರೂವರೆಗೆ ಹೊರಟವನು ಭಟ್ಟರ ಮನೆಯನ್ನು ಎರಡೂಕಾಲು ಗಂಟೆಯಲ್ಲಿ ಮುಟ್ಟಿದೆ. ಶೇಷಪರ್ವತದಿಂದ ಶೋಲಾ ಎಂಬ ಗಿಡ್ಡಮರಗಳ ದಟ್ಟ ಕಾಡಿನ ಕಣಿವೆಗೆ ಇಳಿದು, ಬಂಡೆಗಳನ್ನೇರಿ ತುದಿ ಸೇರಿದಾಗ ಹನ್ನೆರಡು ಇಪ್ಪತ್ತು. ಅರ್ಧ ಗಂಟೆ ಅಲ್ಲಿ ಕುಳಿತಿದ್ದೆ. ಪದರಪದರವಾಗಿ ನೀಲಿಗಟ್ಟಿದ ಘಟ್ಟಸಾಲು ಅಷ್ಟು ನಿಚ್ಚಳವಾಗಿ ಕಂಡದ್ದು ಆ ದಿನ ಮಾತ್ರ. ಐದು ಐವತ್ತಕ್ಕೆ ಕುಕ್ಕೆಯಲ್ಲಿದ್ದೆ, ಟಾರ್ಚು ಚೀಲದಲ್ಲೇ ಉಳಿದಿತ್ತು. ಮಂಡಿ ನೋಯಲಿಲ್ಲ.

ಇನ್ನು ಉಳಿದಿರುವುದು ಸೋಮವಾರಪೇಟೆಯ ಕಡೆಯ ಬೀದಹಳ್ಳಿ ದಾರಿ. ಅದು ದೂರದಲ್ಲಿ ಕಡಿಮೆ, ಆದರೆ ಅಲ್ಲಿ ಕಡಿದಾದ ಬಂಡೆಯ ಮೇಲೆ ಹತ್ತಬೇಕು, ಬಂಡೆ ಪೂರ್ತಿ ಒಣಗಿರಬೇಕು. ಬೇಸಿಗೆಯ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದರೊಳಗೆ, ಜನವರಿಯಲ್ಲಿ, ಮಂಜಿನ ತೇವ ಆರುವವರೆಗೆ ಕಾದು ಹತ್ತುವುದೆಂದು ಬರೆದಿಟ್ಟುಕೊಂಡಿದ್ದೇನೆ.