ಮಾತ್ರೆ ಇಲ್ಲದೆ ಜೆಟ್ ಲ್ಯಾಗ್ ಹೇಗೆ ಕಳೆಯುತ್ತೀರಿ?

ಕೆಲಸದ ಮೇಲೆ ವರ್ಷಕ್ಕೆ ಮೂರ್ನಾಲ್ಕು ಸಲ ದೂರದ ವಿಮಾನ ಹತ್ತುತ್ತೇನೆ. ಹಾಗಾಗಿ ಮೊದಲ ಸಲ ಹೊರಟವರೆಲ್ಲ ನನ್ನನ್ನು ಕೇಳುವುದು ಇದೊಂದೇ: ನಿದ್ರೆ ಮಾತ್ರೆ ಇಲ್ಲದೆ ಜೆಟ್ ಲ್ಯಾಗ್ (ಹೊಸ ಊರಿನ ಹೊತ್ತಿಗೆ ಮೈ ಹೊಂದದೆ ನಿದ್ದೆ ಕೆಡುವುದು) ಹೇಗೆ ಕಳೆಯುತ್ತೀರಿ? ಬೆಳಕಿನಿಂದ, ಅನ್ನುತ್ತೇನೆ. "ಅಂದ್ರೆ ಇಳಿದ ತಕ್ಷಣ ಬಿಸಿಲಿಗೆ ಹೋಗಬೇಕು, ಅಲ್ವಾ?" ಅಲ್ಲ. ಎಡವುವುದೇ ಅಲ್ಲಿ.

ಮಿದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಸಂಧಿಸುವ ಜಾಗಕ್ಕೆ ತುಸು ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಗಡಿಯಾರ ಅದು. ಅದಕ್ಕೆ ಹೊತ್ತು ತಿಳಿಸುವುದು ಮುಖ್ಯವಾಗಿ ಕಣ್ಣಿಗೆ ಬಿದ್ದ ಬೆಳಕು. ಹೆಚ್ಚಿನವರಲ್ಲಿ ಈ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಕೊಂಚ ಹೆಚ್ಚೇ. ಹಾಗಾಗಿ ದಿನವನ್ನು ಹಿಗ್ಗಿಸುವುದು ಅದಕ್ಕೆ ಸಲೀಸು, ಕುಗ್ಗಿಸುವುದು ಕಷ್ಟ. ಪಶ್ಚಿಮಕ್ಕೆ ಹೋದರೆ ದಿನ ಹಿಗ್ಗಬೇಕು, ದಿನಕ್ಕೆ ಒಂದೂವರೆ ಗಂಟೆಯಷ್ಟು ಹೊಂದಿಕೊಳ್ಳುತ್ತದೆ. ಪೂರ್ವಕ್ಕೆ ಹೋದರೆ ಕುಗ್ಗಬೇಕು, ಒಂದು ಗಂಟೆಯಷ್ಟು. ನೇರ ಉತ್ತರಕ್ಕೋ ದಕ್ಷಿಣಕ್ಕೋ ಹಾರಿದರೆ ಬರೀ ಆಯಾಸ, ಜೆಟ್ ಲ್ಯಾಗ್ ಇಲ್ಲ.

ಇನ್ನು ಮುಖ್ಯ ವಿಷಯ. ನಾವು ಏಳುವುದಕ್ಕೆ ಎರಡು-ಮೂರು ಗಂಟೆ ಮೊದಲು ಮೈಯ ಉಷ್ಣತೆ ತೀರಾ ಕೆಳಗಿಳಿಯುತ್ತದೆ. ಆ ಗಳಿಗೆಗೆ ಮುಂಚಿನ ಕೆಲವು ಗಂಟೆಗಳಲ್ಲಿ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ತಡ ಮಾಡುತ್ತದೆ. ನಂತರದ ಗಂಟೆಗಳಲ್ಲಿ ಬಿದ್ದದ್ದು ಬೇಗ ಮಾಡುತ್ತದೆ. ಬೆಳಕು ಒಂದೇ, ಪರಿಣಾಮ ತದ್ವಿರುದ್ಧ.

ಏಳಕ್ಕೆ ಏಳುವ ಅಭ್ಯಾಸದವರಿಗೆ ಆ ಗಳಿಗೆ ನಾಲ್ಕೂವರೆ ಎಂದಿಟ್ಟುಕೊಳ್ಳಿ. ಎಂಟು ಗಂಟೆ ಮುಂದಿರುವ ಪೂರ್ವದ ಊರಿನಲ್ಲಿ ಅದು ಮಧ್ಯಾಹ್ನ ಹನ್ನೆರಡೂವರೆ. ಬೆಳಿಗ್ಗೆ ಏಳಕ್ಕೆ ಇಳಿದಿರಿ. ನಿಮ್ಮ ಮೈಗೆ ಆಗ ರಾತ್ರಿ 11. ಆ ಬಿಸಿಲು ನಡುರಾತ್ರಿ ಹಚ್ಚಿದ ದೀಪವಿದ್ದಂತೆ, ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆಳೆಯುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಅಂಥದೇ ಒಂದು ಪ್ರಯಾಣದಲ್ಲಿ ದಿನಾ ಬೆಳಿಗ್ಗೆ ಶ್ರದ್ಧೆಯಿಂದ ಎರಡು ಗಂಟೆ ಬಿಸಿಲಲ್ಲಿ ನಡೆದೆ. ನಾಲ್ಕನೇ ರಾತ್ರಿಯೂ, ಪರದೆಯ ಅಂಚಿನಲ್ಲಿ ಬೂದು ಗೆರೆ ಮೂಡುವವರೆಗೆ ಕಣ್ಣು ಮುಚ್ಚಲಿಲ್ಲ.

ಈಗ ಅಂಥ ಪ್ರಯಾಣದಲ್ಲಿ ಮೊದಲ ದಿನ ಮಧ್ಯಾಹ್ನದವರೆಗೆ ಒಳಗೇ ಇರುತ್ತೇನೆ, ಹೊರಗೆ ಕಾಲಿಡಲೇಬೇಕಾದರೆ ಕಪ್ಪು ಕನ್ನಡಕ. ಒಂದು ಗಂಟೆಯ ಮೇಲೆ ಹೊರಟು ಸಂಜೆಯಾಗುವ ಮುನ್ನ ಮರಳುತ್ತೇನೆ. ಮರುದಿನ ಹನ್ನೆರಡಕ್ಕೆ, ಅದರ ಮರುದಿನ ಹನ್ನೊಂದಕ್ಕೆ, ಹೀಗೆ ದಿನಕ್ಕೊಂದು ಗಂಟೆ ಹಿಂದಕ್ಕೆ. ವ್ಯತ್ಯಾಸ ಹತ್ತು ಗಂಟೆ ದಾಟಿದರೆ ಪೂರ್ವದ ಪ್ರಯಾಣವನ್ನೂ ಪಶ್ಚಿಮದ್ದೆಂದೇ ಲೆಕ್ಕ ಹಾಕಿ ತಡ ಮಾಡುತ್ತಾ ಹೋಗುವುದು ಸುಲಭ.

ಉಳಿದದ್ದು ಸಣ್ಣಪುಟ್ಟದ್ದು. ಹಗಲು ನಿದ್ದೆ ತಡೆಯಲಾಗದಿದ್ದರೆ ಇಪ್ಪತ್ತು ನಿಮಿಷ, ಅಲಾರಂ ಇಟ್ಟು. ಕಾಫಿ ಮಧ್ಯಾಹ್ನಕ್ಕೆ ಮುಗಿಸಿಬಿಡಿ. ಅದರ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಯಕೃತ್ತಿಗೂ ತನ್ನದೇ ಗಡಿಯಾರವಿದೆ, ಅದು ಊಟದ ಹೊತ್ತನ್ನು ನೋಡುತ್ತದೆ, ಆದ್ದರಿಂದ ಅಲ್ಲಿನ ಹೊತ್ತಿಗೇ ಉಣ್ಣಿ. ಎರಡೇ ದಿನದ ಭೇಟಿಯಾದರೆ ಈ ಯಾವ ಗೋಜೂ ಬೇಡ, ನಿಮ್ಮೂರಿನ ಹೊತ್ತಿನಲ್ಲೇ ಇದ್ದುಬಿಡಿ.

ಪಶ್ಚಿಮಕ್ಕೆ ಹೋದಾಗ ಲೆಕ್ಕ ಸರಳ: ಸಂಜೆಯ ಬೆಳಕು ಆರುವವರೆಗೆ ಹೊರಗಿರುವುದು. ಕಷ್ಟವಿರುವುದು ರಾತ್ರಿ ಎರಡೂವರೆಗೆ. ಅಪರಿಚಿತ ಕೋಣೆ, ಹೊಟ್ಟೆ ಚುರುಗುಟ್ಟುತ್ತಿದೆ, ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ದಯವಿಟ್ಟು ಬೇಡ. ಆ ಹೊತ್ತಿನ ಬೆಳಕು ನಿಮ್ಮನ್ನು ಹೊರಟ ಊರಿನ ಹೊತ್ತಿಗೇ ಎಳೆಯುತ್ತದೆ. ನಾನು ಫೋನನ್ನು ಬಚ್ಚಲಮನೆಯಲ್ಲಿಟ್ಟು ಮಲಗುತ್ತೇನೆ, ಎಚ್ಚರವಾದರೆ ಕತ್ತಲಲ್ಲೇ ಸುಮ್ಮನೆ ಬಿದ್ದಿರುತ್ತೇನೆ. ಮರುದಿನ ಎಚ್ಚರವಾಗುವುದು ನಾಲ್ಕಕ್ಕೆ. ಅದರ ಮರುದಿನ ಐದೂವರೆಗೆ.